ಶಾಸನದ ಕಲ್ಲಿನಲ್ಲಿ ಕೈತಪ್ಪು

ಕಾರ್ಖಾನೆಯೊಂದರಲ್ಲಿ ಅವಘಡ ನಡೆದರೆ ಮೊದಲು ಕೇಳಿಬರುವ ಪ್ರಶ್ನೆ 'ಇದು ಯಾರ ತಪ್ಪು?' ಎಂಬುದು. ಕೆಲಸಗಾರನೊಬ್ಬನ ಹೆಸರು ಸಿಕ್ಕಿತೆಂದರೆ ವಿಚಾರಣೆ ಅಲ್ಲಿಗೆ ಮುಗಿದಂತೆಯೇ. ಎರಡನೆಯ ಮಹಾಯುದ್ಧದ ಕಾಲದಿಂದೀಚೆಗೆ ಈ ವಿಷಯವನ್ನು ಶಾಸ್ತ್ರೀಯವಾಗಿ ನೋಡಿದವರು ಬೇರೊಂದು ಬಗೆಯಲ್ಲಿ ಕೇಳತೊಡಗಿದರು. ಆ ಕೆಲಸವನ್ನು ಬಿಡಿಸಿದರೆ ಎಷ್ಟು ಹಂತಗಳಾಗುತ್ತವೆ? ಯಾವ ಹಂತದಲ್ಲಿ ತಪ್ಪುವುದಕ್ಕೆ ಎಡೆಯಿತ್ತು? ತಪ್ಪಿದ್ದು ಕೂಡಲೆ ಗೊತ್ತಾಗಲು ಏನು ಏರ್ಪಾಡಿತ್ತು? ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾನ್ ಆನೆಟ್ ಮತ್ತು ಕೀತ್ ಡಂಕನ್ ಎಂಬವರು 1967ರಲ್ಲಿ ದೊಡ್ಡ ಕೆಲಸವನ್ನು ಕಿರುಗೆಲಸಗಳಾಗಿ ಒಡೆದು ನೋಡುವ ಕ್ರಮವೊಂದನ್ನೇ ಹಾಕಿಕೊಟ್ಟರು.

ಶಿಕಾರಿಪುರ, ಸೊರಬಗಳಿಗೂ ಈ ಮಾತಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಅಡಕೆ ತೋಟ, ಬತ್ತದ ಗದ್ದೆ, ಕೆರೆಗಳ ಸೀಮೆ ಅದು. ಹೊಗೆ ಕೊಳವೆಗಳ ಸೀಮೆಯಲ್ಲ. ಆದರೆ ಒಂದು ಕಾಲಕ್ಕೆ ಅಲ್ಲಿ ಕಲ್ಲುಕೆಲಸವೆಂಬ ದೊಡ್ಡ ಉದ್ಯಮವಿತ್ತು. ಗುಡಿ, ಕೆರೆಯ ತೂಬು, ವೀರಗಲ್ಲು, ಶಾಸನ, ಎಲ್ಲವೂ ಕಲ್ಲು. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ, ಎಂಟನೆಯದರಲ್ಲಿ (1904) ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದಾಗ, ಈ ಎರಡು ತಾಲ್ಲೂಕುಗಳು ಇಷ್ಟೊಂದು ಬರೆದಿಟ್ಟಿವೆಯೆ ಎಂದು ವಿದ್ವಾಂಸರೇ ಬೆರಗಾಗುವಂತಿತ್ತು. ರಾಜರ ವಂಶಾವಳಿಗಾಗಿ ಆ ಸಂಪುಟಗಳನ್ನು ತಿರುವಿಹಾಕಿದವರು ಬಹಳ. ಕೆಲಸದ ಕ್ರಮವನ್ನು ತಿಳಿಯಲೆಂದು ನೋಡಿದವರು ಕಡಿಮೆ.

ತಾಳೆಗರಿಯಲ್ಲಿ ತಪ್ಪಿದರೆ ಗರಿಯನ್ನು ಬದಲಾಯಿಸಬಹುದು. ಕಲ್ಲಿನಲ್ಲಿ ಉಳಿ ಒಮ್ಮೆ ಇಳಿಯಿತೆಂದರೆ ಇಳಿಯಿತು. ತಪ್ಪಿನ ಬೆಲೆಯೂ ಸಣ್ಣದಲ್ಲ. ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬುದೊಂದಿತ್ತು. ಅಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು. ಕುರುಡರು, ಕುಂಟರು, ದಿಕ್ಕಿಲ್ಲದವರು ಊಟ ಮಾಡುತ್ತಿದ್ದರು. ರೋಗಿಗಳಿಗೆ ಔಷಧೋಪಚಾರ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಇಂಥ ಮಠ ನಡೆಯುವುದು ದತ್ತಿ ಭೂಮಿಯಿಂದ. ಆ ಭೂಮಿಗೆ ಕಲ್ಲೇ ಪಟ್ಟೆ, ಕಲ್ಲೇ ದಫ್ತರ. ಮತ್ತರುಗಳ ಲೆಕ್ಕದಲ್ಲಿ ಒಂದು ಅಂಕೆ ತಪ್ಪಿ ಬಿತ್ತೆನ್ನಿ. ಎರಡು ತಲೆಮಾರು ಕಳೆದ ಮೇಲೆ, ಕೊಟ್ಟವರೂ ಕಂಡವರೂ ಇಲ್ಲದಾಗ, ಆ ಅಂಕೆಯೇ ನಿಜವಾಗಿ ನಿಲ್ಲುತ್ತದೆ. ಕೊರತೆ ಬೀಳುವುದು ಊಟಕ್ಕೆ ಕುಳಿತವನ ಎಲೆಗೆ.

ಶಾಸನದ ಕೆಲಸ ಒಬ್ಬನದಲ್ಲ. ಒಬ್ಬನು ಪಾಠವನ್ನು ರಚಿಸುತ್ತಾನೆ. ಒಬ್ಬನು, ಹಲವೆಡೆ ಸೇನಬೋವನು, ಅದನ್ನು ಬರೆಯುತ್ತಾನೆ. ಕಲ್ಲುಕುಟಿಗನೋ ರೂವಾರಿಯೋ ಕಂಡರಿಸುತ್ತಾನೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಬರುತ್ತವೆ. ಕೀರ್ತಿಯ ಆಸೆಯೂ ಅದರಲ್ಲಿ ಇದ್ದೀತು. ಆದರೆ ಯಾವ ಹಂತಕ್ಕೆ ಯಾರು ಹೊಣೆ ಎಂಬುದು ಅದರಿಂದ ಲೋಕಕ್ಕೆ ತಿಳಿಯುತ್ತಿತ್ತೆಂಬುದೂ ಅಷ್ಟೇ ನಿಜ.

ಒಂದು ಕೈಯಿಂದ ಇನ್ನೊಂದು ಕೈಗೆ ಕೆಲಸ ದಾಟುವ ಜಾಗದಲ್ಲಿ ತಪ್ಪು ನುಸುಳುತ್ತದೆ. ಇದನ್ನು ಬಲ್ಲವನಂತೆ ನಡೆದುಕೊಂಡವನು ತಾಳಗುಂದದ ಕುಬ್ಜ ಕವಿ. ಕದಂಬ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ವಿಚಾರವನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದ ನಡುಭಾಗದ ಸುಮಾರಿಗೆ, ಪ್ರಣವೇಶ್ವರ ದೇವಾಲಯದ ಎದುರಿನ ಎಂಟು ಮುಖದ ಕಂಬದ ಮೇಲೆ ಬರೆಯಲಾಯಿತು. 34 ಸಂಸ್ಕೃತ ಪದ್ಯಗಳು, ಕಂಬದುದ್ದಕ್ಕೂ ನಿಂತ ಸಾಲುಗಳು. ಕಾವ್ಯ ತನ್ನದೆಂದು ಹೇಳಿ ಕುಬ್ಜನು ಸುಮ್ಮನಾಗುವುದಿಲ್ಲ. ಕಲ್ಲಿನ ಮೇಲೆ ಅದನ್ನು ಬರೆದವನೂ ತಾನೇ ಎನ್ನುತ್ತಾನೆ. ಬರೆದವನೆಂದರೆ ಉಳಿ ಹಿಡಿದವನೆಂದೇ ಆಗಬೇಕಿಲ್ಲ. ಕವಿಯೇ ಕಲ್ಲಿನ ಮೇಲೆ ಅಕ್ಷರ ತಿದ್ದಿದರೂ ಸಾಕು, ನಡುವಿನ ನಕಲುಗಾರನೊಬ್ಬ ಇಲ್ಲವಾಗುತ್ತಾನೆ. ಅವನ ಜೊತೆಗೆ ಅವನು ಮಾಡಬಹುದಾದ ತಪ್ಪುಗಳೂ ಇಲ್ಲವಾಗುತ್ತವೆ. ಪದ್ಯದ ಉಪಕಾರವೂ ಇದೆ. ಒಂದಕ್ಷರ ಬಿದ್ದುಹೋದರೆ ಛಂದಸ್ಸು ಕುಂಟುತ್ತದೆ, ಗಟ್ಟಿಯಾಗಿ ಓದಿದವನ ಕಿವಿಗೆ ಅದು ತಟ್ಟನೆ ಗೊತ್ತಾಗುತ್ತದೆ.

ಸೊರಬದ ಗುಡಿಗಾರರ ಗಂಧದ ಕೆತ್ತನೆಯಲ್ಲಿಯೂ ಇದೇ ಜಾಣ್ಮೆಯಿದೆ. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು ಮರಕ್ಕೆ ಅಂಟಿಸಿ, ಅಥವಾ ಮರದ ಮೈಮೇಲೆಯೇ ಗೆರೆ ಎಳೆದು, ಆಮೇಲೆ ಉಳಿ ಹಿಡಿಯುವುದು. ಯೋಚಿಸುವ ಹೊತ್ತು ಬೇರೆ, ಕೆತ್ತುವ ಹೊತ್ತು ಬೇರೆ. ಬೆಲೆಬಾಳುವ ಗಂಧದ ತುಂಡಿನ ಮೇಲೆ ಎರಡನ್ನೂ ಒಟ್ಟಿಗೆ ಮಾಡಹೊರಟರೆ ಏನಾದೀತು ನೀವೇ ಊಹಿಸಿ.

ಗದ್ಯದ ದಾನಶಾಸನಗಳಿಗೆ ಛಂದಸ್ಸಿನ ಕಾವಲಿಲ್ಲ. ಅಲ್ಲಿಯ ಏರ್ಪಾಡು ಬೇರೆ. ಕಾಲ ಹೇಳುವಾಗ ಶಕವರ್ಷ ಒಂದನ್ನೇ ಹೇಳಿ ಬಿಡುವುದಿಲ್ಲ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೆಡೆ ಸಂಕ್ರಮಣವೋ ಗ್ರಹಣವೋ ಜೊತೆಗೆ ಬರುತ್ತವೆ. ಪುಣ್ಯಕಾಲವನ್ನು ಹೇಳುವುದೇ ಇದರ ಉದ್ದೇಶವೆನ್ನಿ, ಚಿಂತೆಯಿಲ್ಲ. ಒಂದೇ ದಿನವನ್ನು ಐದಾರು ಬಗೆಯಲ್ಲಿ ಹೇಳಿದ್ದರಿಂದ ಒಂದು ತಪ್ಪಿದರೆ ಉಳಿದವು ಅದನ್ನು ಹಿಡಿದುಕೊಡುತ್ತವೆ. ಫ್ಲೀಟ್, ಕೀಲ್ಹಾರ್ನ್ ಮೊದಲಾದವರು, ಆಮೇಲೆ 1922ರಲ್ಲಿ ಹೊರಬಂದ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗದ ಕೋಷ್ಟಕಗಳನ್ನು ಹಿಡಿದವರು, ಲೆಕ್ಕಹಾಕಿ ನೋಡಿ, ವಾರಕ್ಕೂ ತಿಥಿಗೂ ಹೊಂದಿಕೆಯಿಲ್ಲದ ಶಾಸನಗಳನ್ನು ಎಷ್ಟೋ ಕಂಡುಹಿಡಿದರು. ಹಾಗಾದರೆ ತಪ್ಪಾಗುತ್ತಿದ್ದುದು ನಿಜ. ಅದು ಬಯಲಾದದ್ದು ಹೇಳುವ ಕ್ರಮದಿಂದ.

ಎಲ್ಲೆಕಟ್ಟಿನ ವಿಚಾರವೂ ಹಾಗೆಯೇ. ಮೂಡಲು ಇಂಥ ಹಳ್ಳ, ತೆಂಕಲು ಇಂಥ ಮರ ಎಂದು ದಿಕ್ಕು ಹಿಡಿದು ಸುತ್ತಿ ಬರುವಾಗ ಹೊರಟಲ್ಲಿಗೇ ಬಂದು ಮುಟ್ಟಬೇಕು. ಮುಟ್ಟದಿದ್ದರೆ ನಡುವೆ ಒಂದು ಗುರುತು ಬಿಟ್ಟುಹೋಗಿದೆ. ಇನ್ನು ಅಳತೆಗೋಲು. ಊರಿಗೊಂದು ಗಳೆಯಿದ್ದ ಕಾಲದಲ್ಲಿ 'ಮತ್ತರು' ಎಂದಷ್ಟೇ ಬರೆದರೆ ಜಗಳಕ್ಕೆ ಬಾಗಿಲು ತೆರೆದಂತೆ. ಬಳ್ಳಿಗಾವಿಯ ಶಾಸನಗಳು 'ಭೇರುಂಡ ಗಳೆ'ಯಿಂದ ಅಳೆದ ಭೂಮಿ ಎಂದು ಕೋಲಿನ ಹೆಸರನ್ನೇ ಹೇಳುತ್ತವೆ. ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ಅಲ್ಲಿಗೆ ಹೋದವರು ಇಂದಿಗೂ ನೋಡಬಹುದು.

ಶಾಸನಗಳ ಕೊನೆಯ ಶಾಪವಾಕ್ಯಗಳು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ದತ್ತಿಯನ್ನು ಬೇಕೆಂದೇ ಕಿತ್ತುಕೊಳ್ಳುವವನನ್ನು ಶಾಪ ಹೆದರಿಸೀತು. ನಿದ್ದೆಗಣ್ಣಿನಲ್ಲಿ ಅಕ್ಷರ ಬಿಟ್ಟ ಕಲ್ಲುಕುಟಿಗನನ್ನು ಯಾವ ಶಾಪ ತಡೆದೀತು? ಕೆಡುಕಿಗೆ ಮದ್ದು ಬೇರೆ, ಮರವೆಗೆ ಮದ್ದು ಬೇರೆ. ದಂಡದ ಹೆದರಿಕೆಯೊಂದರಿಂದಲೇ ಕೈತಪ್ಪು ನಿಂತೀತೆಂದು ನಂಬುವ ಮೇಲಧಿಕಾರಿಗಳು ಇಂದಿಗೂ ಇದ್ದಾರೆ.

ಇಷ್ಟು ಹೇಳಿದೆನೆಂದು ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವುದು ಬೇಡ. ಅವರ ಲಿಪಿಯೇ ಹಲವೆಡೆ ಬಲೆ ಒಡ್ಡುತ್ತಿತ್ತು. ಹಳೆಯ ಬರಹದಲ್ಲಿ ಪಕಾರ, ವಕಾರ, ಮಕಾರಗಳು ಅಣ್ಣತಮ್ಮಂದಿರಂತೆ. ದಕಾರಕ್ಕೂ ಧಕಾರಕ್ಕೂ ಇರುವುದು ಕೂದಲೆಳೆಯಷ್ಟು ಅಂತರ. ಓದು ಬಾರದ ಕಲ್ಲುಕುಟಿಗ ಗೆರೆಯನ್ನಷ್ಟೇ ಅನುಸರಿಸುತ್ತಿದ್ದರಂತೂ ಅವನನ್ನು ದೂರಿ ಫಲವಿಲ್ಲ. 1943ರ ಸುಮಾರಿಗೆ ಅಮೆರಿಕದ ಬಿ-17 ಬಾಂಬರುಗಳು ನೆಲಕ್ಕಿಳಿದ ಮೇಲೆ, ಪೈಲಟ್ಟುಗಳು ರೆಕ್ಕೆಯ ಫಲಕ ಮಡಿಸುವ ಬದಲು ಚಕ್ರಗಳನ್ನೇ ಮಡಿಸಿ ವಿಮಾನವನ್ನು ನೆಲಕ್ಕೆ ಕೆಡಹುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ ಎರಡರ ಹಿಡಿಗಳೂ ಅಕ್ಕಪಕ್ಕ, ಎರಡೂ ಒಂದೇ ರೂಪ! ಒಂದಕ್ಕೆ ಪುಟ್ಟ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಟ್ಟು ಆ ತೊಂದರೆಯನ್ನು ನೀಗಿಸಿದರು. ನಮ್ಮ ಪಕಾರ ವಕಾರಗಳಿಗೆ ಅಂಥ ಚಪಾನಿಸ್ ಒಬ್ಬ ದೊರೆಯಲಿಲ್ಲ. ದೊರೆತದ್ದು ಕಾಕಪಾದ ಮಾತ್ರ. ಅಕ್ಷರ ಬಿಟ್ಟುಹೋದಾಗ ಗುರುತು ಹಾಕಿ ಸಾಲಿನ ಕೆಳಗೋ ಮೇಲೋ ಅದನ್ನು ಕೊರೆಯುತ್ತಿದ್ದರು. ತಿದ್ದುಪಡಿ ಎಲ್ಲರ ಕಣ್ಣಿಗೂ ಬೀಳುವಂತೆ ಉಳಿದುಕೊಂಡಿರುವುದು ನನಗಂತೂ ಮೆಚ್ಚಿಗೆ.

ಕಲ್ಲಿನಿಂದ ಕಾಗದಕ್ಕೆ ಬರುವಾಗ ಇದೇ ಕಥೆ ಮತ್ತೆ ನಡೆಯಿತು. ಮೇಜರ್ ಡಿಕ್ಸನ್ 1865ರಲ್ಲಿ ಮೈಸೂರು ಸೀಮೆಯ 150 ಶಾಸನಗಳ ಫೋಟೋ ತೆಗೆದರು. ಬಳ್ಳಿಗಾವಿಯವು ಅವುಗಳಲ್ಲಿ ಸೇರಿದ್ದವು. ರೈಸರ 1879ರ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ನಿಂತದ್ದು ಬಹುಮಟ್ಟಿಗೆ ಆ ಫೋಟೋಗಳ ಮೇಲೆ. ಫೋಟೋ ಒಂದೇ ಬೆಳಕಿನ, ಒಂದೇ ಕೋನದ ನೋಟ. ನೆರಳು ಬಿದ್ದ ಕಡೆ ಅಕ್ಷರ ಅಡಗುತ್ತದೆ, ಸವೆದ ಕಡೆ ಇಲ್ಲದ ಅಕ್ಷರ ಹುಟ್ಟುತ್ತದೆ. ಮುಂದಿನ ಸಂಪುಟಗಳಿಗಾಗಿ ಊರೂರಿನ ಕಲ್ಲಿನ ಬಳಿಗೇ ಹೋಗಬೇಕಾಯಿತು. ಅಚ್ಚುಹಾಕಿಸಿದ ಕ್ರಮವೂ ಎಚ್ಚರದ್ದು: ಮೂಲ ಪಾಠ ಕನ್ನಡ ಲಿಪಿಯಲ್ಲಿ, ಅದೇ ಪಾಠ ರೋಮನ್ ಲಿಪಿಯಲ್ಲಿ, ಆಮೇಲೆ ಇಂಗ್ಲಿಷ್ ಅನುವಾದ. ಒಂದರ ತಪ್ಪನ್ನು ಇನ್ನೊಂದರಿಂದ ಹಿಡಿಯಬಹುದು.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೀವು ಕಂಡಿದ್ದರೆ ಅದರ ಕ್ರಮ ನೆನಪಿರಬಹುದು. ಪಾಚಿ, ಎಣ್ಣೆ, ಸುಣ್ಣ ಹೋಗುವಂತೆ ಕಲ್ಲನ್ನು ತೊಳೆಯಬೇಕು. ನೆನೆದ ಕಾಗದವನ್ನು ಹರಡಿ, ಗಾಳಿ ಉಳಿಯದಂತೆ ಬ್ರಷ್ಷಿನಿಂದ ಬಡಿದು, ಅದು ಅಕ್ಷರದ ಕುಳಿಗೆ ಇಳಿಯುವಂತೆ ಮಾಡಬೇಕು. ಮೇಲಿನ ತೇವ ಆರುವವರೆಗೆ ಕಾಯಬೇಕು; ಅವಸರಪಟ್ಟರೆ ಮಸಿ ಹಬ್ಬಿ ಎಲ್ಲವೂ ಕಪ್ಪು. ಆಮೇಲೆ ಮಸಿಯುಂಡೆಯಿಂದ ಮೆಲ್ಲಗೆ ತಟ್ಟಿದರೆ ಕಪ್ಪು ಹಾಳೆಯಲ್ಲಿ ಬಿಳಿ ಅಕ್ಷರಗಳು ಮೂಡುತ್ತವೆ. ಯಾವ ಊರು, ಯಾವ ಕಲ್ಲು, ಯಾವ ಮುಖ ಎಂಬುದನ್ನು ಹಾಳೆಯ ಮೇಲೆ ಅಲ್ಲಿಯೇ ಬರೆಯಬೇಕು, ಬಿಡಾರಕ್ಕೆ ಬಂದ ಮೇಲಲ್ಲ. ಇಷ್ಟಾದರೂ ಕಲ್ಲಿನ ಸಹಜವಾದ ಗುಳಿಯೊಂದು ಅನುಸ್ವಾರದ ಸೊನ್ನೆಯಂತೆ ತೋರಿ ಓದುಗನನ್ನು ಮೋಸಗೊಳಿಸುವುದುಂಟು. ಆಗ ಹಾಳೆಯನ್ನು ಮಡಿಸಿಟ್ಟು ಮತ್ತೆ ಕಲ್ಲಿನ ಹತ್ತಿರ ಹೋಗಿ, ಅದು ಉಳಿಯ ಗುರುತೋ ಮಳೆಯ ಗುರುತೋ ಎಂದು ಬೆರಳಿಟ್ಟು ನೋಡಬೇಕು.