ಯಾರೂ ಸೇರಿಸಿಕೊಳ್ಳದ ಹುಡುಗರ ಹಾಕಿ ಕ್ಲಬ್ಬು

ವಿನ್ನಿಪೆಗ್ಗಿಗೆ ಬಂದ ಮೇಲೆ ಇದು ನನ್ನ ಎರಡನೇ ಚಳಿಗಾಲ. ಇಲ್ಲಿನವರೇ ತಮ್ಮ ಊರನ್ನು ತಮಾಷೆಗೆ 'ವಿಂಟರ್‌ಪೆಗ್' ಅಂತಾರೆ. ಮೈನಸ್ ನಲವತ್ತರಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂತ ಪಿಯುಸಿಯಲ್ಲಿ ಲೆಕ್ಕ ಮಾಡಿ ಐದು ಮಾರ್ಕ್ಸ್ ತಗೊಂಡಿದ್ದೆ. ಅದನ್ನೇ ಮುಂದೊಂದು ದಿನ ಬಸ್‌ಸ್ಟಾಪಿನಲ್ಲಿ ನಿಂತು ಕಿವಿಯಿಂದ ಪರೀಕ್ಷೆ ಮಾಡಬೇಕಾಗುತ್ತೆ ಅಂತ ಮಾತ್ರ ಅಂದುಕೊಂಡಿರಲಿಲ್ಲ :)

ಇಂಥ ಊರಿನಲ್ಲಿ ಮಾತಿಗೆ ಸಿಗುವ ವಿಷಯ ಎರಡೇ. ಒಂದು ಹವೆ, ಇನ್ನೊಂದು ಹಾಕಿ. ಹಾಕಿ ಅಂದರೆ ನಮ್ಮ ಕೊಡಗಿನವರು ಆಡುವ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ, ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು, ಚೆಂಡಿನ ಬದಲು 'ಪಕ್' ಅನ್ನುವ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತಾ ಆಡುವ ಆಟ. ಮೊದಮೊದಲು ನನಗೆ ಆ ಪಕ್ ಎಲ್ಲಿದೆ ಅಂತ ಕಾಣಿಸುತ್ತಲೇ ಇರಲಿಲ್ಲ. ಎಲ್ಲರೂ ಎದ್ದು ಕೂಗಿದರೆ ಗೋಲು ಆಯ್ತು ಅಂತ ಅರ್ಥ ಮಾಡಿಕೊಳ್ಳುತ್ತಿದ್ದೆ.

ಒಂದು ದಿನ ಊಟದ ಹೊತ್ತಿನಲ್ಲಿ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು "ಫಾಲ್ಕನ್ಸ್ ಬಗ್ಗೆ ಗೊತ್ತಾ?" ಅಂತ ಕೇಳಿದರು. ಅವರ ಹಿರಿಯರು ಐಸ್‌ಲ್ಯಾಂಡಿನಿಂದ ಬಂದವರು. "ನಮ್ಮ ಹುಡುಗರನ್ನು ಈ ಊರಿನ ಯಾವ ತಂಡವೂ ಆಟಕ್ಕೆ ಸೇರಿಸಿಕೊಳ್ತಿರಲಿಲ್ಲ. ಅದಕ್ಕೇ ನಮ್ಮದೇ ಕ್ಲಬ್ ಮಾಡಿಕೊಂಡ್ವಿ" ಅಂದರು. ನನಗೆ ನಂಬೋಕಾಗಲಿಲ್ಲ. ಬಿಳಿ ಚರ್ಮ, ನೀಲಿ ಕಣ್ಣು, ಚಳಿಯಲ್ಲೇ ಹುಟ್ಟಿ ಬೆಳೆದ ಜನ. ಇವರನ್ನು ಹೊರಗಿಡೋಕೆ ಏನು ಕಾರಣ ಸಿಕ್ಕಿರಬಹುದು? ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದ್ದರಲ್ಲಿ ನಿಮಗೂ ಹೇಳಲೇಬೇಕು ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಕಥೆ ಶುರುವಾಗೋದು 1875ರಲ್ಲಿ. ಐಸ್‌ಲ್ಯಾಂಡಿನಲ್ಲಿ ಬಡತನ ಮೊದಲೇ ಇತ್ತು. ಆ ವರ್ಷ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಹುಲ್ಲುಗಾವಲುಗಳ ಮೇಲೆ ಬೂದಿ ಸುರಿಯಿತು. ಕುರಿ ಸಾಕಿ ಬದುಕುವ ಜನಕ್ಕೆ ಹುಲ್ಲೇ ಹೋದರೆ ಇನ್ನೇನು ಉಳಿಯುತ್ತೆ? ಸಾವಿರಾರು ಜನ ಊರು ಬಿಡೋಕೆ ಶುರು ಮಾಡಿದರು. ಅವರಲ್ಲೊಂದು ಗುಂಪು 1875ರ ಅಕ್ಟೋಬರ್‌ನಲ್ಲಿ ವಿನ್ನಿಪೆಗ್ ಸರೋವರದ ದಂಡೆಯಲ್ಲಿ ಬಂದಿಳಿದು, ತಾವು ಕಟ್ಟಿದ ಹಳ್ಳಿಗೆ 'ಗಿಮ್ಲಿ' ಅಂತ ಹೆಸರಿಟ್ಟಿತು. ಅವರ ಪುರಾಣದಲ್ಲಿ ಸ್ವರ್ಗದ ಒಂದು ಭವನದ ಹೆಸರದು. ಆ ಸ್ವರ್ಗದಲ್ಲಿ ಎರಡನೇ ಚಳಿಗಾಲಕ್ಕೇ ಸಿಡುಬು ಬಂತು. ವಲಸೆ ಬಂದವರಲ್ಲಿ ನೂರರಷ್ಟು ಜನ ಸತ್ತರು. ಅದೇ ರೋಗ ಆ ನೆಲದಲ್ಲಿ ಮೊದಲಿಂದಲೂ ಇದ್ದ ಮೂಲನಿವಾಸಿಗಳನ್ನೂ ಬಲಿ ತೆಗೆದುಕೊಂಡಿತು. ಅವರ ಕಥೆ ಇನ್ನೂ ದೊಡ್ಡದು, ಇನ್ನೂ ಕಹಿಯಾದದ್ದು. ಅದಕ್ಕೆ ಬೇರೆಯದೇ ಬರಹ ಬೇಕು.

ಗಿಮ್ಲಿಯ ಬದುಕು ಕಷ್ಟವಾದಾಗ ಅನೇಕರು ವಿನ್ನಿಪೆಗ್ ಪೇಟೆಗೆ ಬಂದರು. ಗಂಡಸರು ಚರಂಡಿ ತೋಡಿದರು, ಹೆಂಗಸರು ಅನುಕೂಲಸ್ಥರ ಮನೆಗಳಲ್ಲಿ ಕೆಲಸಕ್ಕೆ ಹೋದರು. ಸಾರ್ಜೆಂಟ್ ಅವೆನ್ಯೂ ಅನ್ನುವ ರಸ್ತೆಯ ಸುತ್ತ ಅವರದ್ದೇ ಕೇರಿ ಬೆಳೆಯಿತು. ಊರಿನ ಯಜಮಾನಿಕೆ ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್ ಮೂಲದವರ ಕೈಯಲ್ಲಿತ್ತು. ಅವರ ಕಣ್ಣಿಗೆ ಇವರು ಇಂಗ್ಲಿಷ್ ಸರಿಯಾಗಿ ಬಾರದ, ವಿಚಿತ್ರ ಹೆಸರಿನ, ಚರಂಡಿ ಕೆಲಸದ ಜನ. 'ಗೂಲಿ'ಗಳು ಅಂತ ಅಣಕಿಸುತ್ತಿದ್ದರಂತೆ. ನನ್ನ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು. ಬೇರೆ ಅಂತ ಗುರುತಿಸೋಕೆ ಚರ್ಮದ ಬಣ್ಣವೇ ಬೇಕು ಅಂತಿಲ್ಲ, ಹೆಸರಿನ ಕೊನೆಯಲ್ಲಿ ಒಂದು 'ಸನ್' ಇದ್ದು, ಮಾತಿನಲ್ಲಿ ಸ್ವಲ್ಪ ಬೇರೆ ರಾಗ ಇದ್ದರೂ ಸಾಕಾಗುತ್ತೆ.

ಆದರೆ ಈ ಚರಂಡಿ ತೋಡುವ ಜನ 1886ರಲ್ಲಿ 'ಹೈಮ್ಸ್‌ಕ್ರಿಂಗ್ಲಾ' ಅಂತ ತಮ್ಮ ಭಾಷೆಯಲ್ಲಿ ಪತ್ರಿಕೆ ಶುರು ಮಾಡಿದರು. ಎರಡೇ ವರ್ಷದಲ್ಲಿ 'ಲೋಗ್‌ಬರ್ಗ್' ಅಂತ ಇನ್ನೊಂದು ಪತ್ರಿಕೆ ಹುಟ್ಟಿತು. ಒಂದು ಸಣ್ಣ ಸಮುದಾಯ, ಒಂದಕ್ಕೊಂದು ಆಗದ ಎರಡು ಪತ್ರಿಕೆ! ಇದನ್ನು ಓದಿದಾಗ ನನಗೆ ಇವರು ಯಾಕೋ ನಮ್ಮವರೇ ಅನ್ನಿಸಿಬಿಟ್ಟಿತು. ಹೊರದೇಶದ ಕನ್ನಡ ಸಂಘಗಳ ಗಾಳಿ ಸೋಕಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ :)

ಹಾಕಿಯಲ್ಲೂ ಇದೇ ಆಯ್ತು. ಐಸ್‌ಲ್ಯಾಂಡಿನ ಹುಡುಗರದ್ದು ಎರಡು ತಂಡಗಳಿದ್ದವು. ಒಂದು ಐಸ್‌ಲ್ಯಾಂಡಿಕ್ ಅಥ್ಲೆಟಿಕ್ ಕ್ಲಬ್, ಇನ್ನೊಂದು ವೈಕಿಂಗ್ಸ್. ಊರಿನ ತಂಡಗಳು ಇವರ ಜೊತೆ ಆಡುತ್ತಿರಲಿಲ್ಲವಾದ್ದರಿಂದ ಇವರವರೇ ಎದುರುಬದುರಾಗಿ ಜಿದ್ದಿಗೆ ಬಿದ್ದು ಆಡುತ್ತಿದ್ದರು. ಕೊನೆಗೆ, ಒಳಗೊಳಗೇ ಕಚ್ಚಾಡಿಕೊಂಡಿದ್ದರೆ ಹೊರಗೆ ಯಾರೂ ಲೆಕ್ಕಕ್ಕೆ ಇಡೋದಿಲ್ಲ ಅಂತ ಮನವರಿಕೆ ಆಗಿರಬೇಕು, 1910ರ ಆಸುಪಾಸಿನಲ್ಲಿ ಎರಡೂ ಸೇರಿ ಒಂದೇ ಕ್ಲಬ್ಬಾದವು. ಐಸ್‌ಲ್ಯಾಂಡಿನ ರಾಷ್ಟ್ರಪಕ್ಷಿ ಒಂದು ಜಾತಿಯ ಗಿಡುಗ. ಅದರ ಹೆಸರನ್ನೇ ಕ್ಲಬ್ಬಿಗೆ ಇಟ್ಟರು: ವಿನ್ನಿಪೆಗ್ ಫಾಲ್ಕನ್ಸ್.

ಹುಟ್ಟಿದ ಕೂಡಲೇ ಮೆರೆದ ತಂಡವೇನಲ್ಲ. ಮೊದಲ ವರ್ಷಗಳಲ್ಲಿ ಪಟ್ಟಿಯ ತಳದಲ್ಲೂ ಇದ್ದರು. ನಿಧಾನಕ್ಕೆ ಒಳ್ಳೆಯ ಹುಡುಗರು ಬಂದರು. ಅವರಲ್ಲಿ ಮುಖ್ಯ ಫ್ರಾಂಕ್ ಫ್ರೆಡ್ರಿಕ್‌ಸನ್. ಪಿಟೀಲು ನುಡಿಸುತ್ತಿದ್ದ ಹುಡುಗ, ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಓದಿದವ, ತಂಡದ ನಾಯಕ. ಇನ್ನೊಬ್ಬ ಕಾನ್ರಾಡ್ ಯೋಹಾನೆಸನ್, ಎಲ್ಲರ ಬಾಯಲ್ಲಿ 'ಕಾನಿ'. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು.

ಈ ದೇಶದವರಲ್ಲ ಅನ್ನಿಸಿಕೊಂಡಿದ್ದ ಹುಡುಗರು ಈ ದೇಶದ ಸೈನ್ಯಕ್ಕೇ ಸೇರಿದರು. 1916ರಲ್ಲಿ ಸ್ಕ್ಯಾಂಡಿನೇವಿಯಾ ಮೂಲದವರಿಗಾಗಿ ಕಟ್ಟಿದ 223ನೇ ಬೆಟಾಲಿಯನ್ನಿಗೆ ಫಾಲ್ಕನ್ಸ್ ಆಟಗಾರರಲ್ಲಿ ಅನೇಕರು ಒಟ್ಟೊಟ್ಟಿಗೇ ಸೇರಿಕೊಂಡರು. ಸಮುದ್ರ ದಾಟುವ ಮುಂಚೆ ಸಿಕ್ಕ ಒಂದು ಚಳಿಗಾಲದಲ್ಲಿ ಅದೇ ಬೆಟಾಲಿಯನ್ನಿನ ಹೆಸರಿನಲ್ಲಿ ಹಾಕಿಯನ್ನೂ ಆಡಿದರು. ಸಮವಸ್ತ್ರ ತೊಟ್ಟ ಮೇಲೆ ಆಡೋಕೆ ಯಾರ ಅಭ್ಯಂತರವೂ ಇರಲಿಲ್ಲ ಅಂತ ಕಾಣುತ್ತೆ.

1918ರಲ್ಲಿ ಇಬ್ಬರು ಫ್ರಾನ್ಸಿನಲ್ಲಿ ಸತ್ತರು: ಫ್ರಾಂಕ್ ಥಾರ್‌ಸ್ಟೈನ್‌ಸನ್, ಗೆಳೆಯರ ಬಾಯಲ್ಲಿ 'ಬಸ್ಟರ್', ಮತ್ತು ಜಾರ್ಜ್ ಕಂಬರ್ಸ್. ಫ್ರೆಡ್ರಿಕ್‌ಸನ್ ವಿಮಾನ ದಳಕ್ಕೆ ಸೇರಿ ಈಜಿಪ್ಟಿನಲ್ಲಿ ಹಾರಾಟ ಕಲಿತ. ಅಲ್ಲಿಂದ ಅವನು ಹೊರಟಿದ್ದ 'ಲೀಸೋ ಕಾಸಲ್' ಅನ್ನುವ ಹಡಗಿಗೆ 1918ರ ಮೇ ತಿಂಗಳಲ್ಲಿ, ಅಲೆಕ್ಸಾಂಡ್ರಿಯಾದ ಹತ್ತಿರ, ಜರ್ಮನಿಯ ಜಲಾಂತರ್ಗಾಮಿಯೊಂದು ಟಾರ್ಪೆಡೊ ಹೊಡೆಯಿತು. ಅವನನ್ನು ನೀರಿನಿಂದ ಪಾರು ಮಾಡಿದಾಗ ಕೈಯಲ್ಲಿ ಪಿಟೀಲನ್ನು ಅವಚಿಕೊಂಡಿದ್ದನಂತೆ. ಫಾಲ್ಕನ್ಸ್ ಬಗ್ಗೆ ಯಾರು ಬರೆದರೂ ಈ ಪಿಟೀಲಿನ ಪ್ರಸ್ತಾಪ ಬಂದೇ ಬರುತ್ತೆ. ನನಗೂ ಬಿಡೋಕೆ ಮನಸ್ಸಾಗಲಿಲ್ಲ.

ಯುದ್ಧ ಮುಗಿದು ಉಳಿದವರು ಊರಿಗೆ ವಾಪಸ್ ಬಂದರು, 1919ರಲ್ಲಿ ತಂಡವನ್ನು ಮತ್ತೆ ಕಟ್ಟಿದರು. ವಿನ್ನಿಪೆಗ್ಗಿನ ದೊಡ್ಡ ಲೀಗಿನಲ್ಲಿ ಆಡುತ್ತೇವೆ ಅಂತ ಕೇಳಿದರು. ಲೀಗಿನವರು ಆಗಲೂ ಮಣೆ ಹಾಕಲಿಲ್ಲ. ಒಂದು ಕ್ಷಣ ಯೋಚಿಸಿ. ದೇಶದ ಸಮವಸ್ತ್ರ ತೊಟ್ಟು, ಇಬ್ಬರು ಗೆಳೆಯರನ್ನು ಮಣ್ಣು ಮಾಡಿ ಬಂದ ಮೇಲೂ ಊರಿನ ರಿಂಕ್ ಇವರದ್ದಾಗಲಿಲ್ಲ.

ಇವರು ಕೋಪದಲ್ಲಿ ಆಟ ಬಿಡಲಿಲ್ಲ. ಅಕ್ಕಪಕ್ಕದ ಊರುಗಳಾದ ಸೆಲ್ಕರ್ಕ್ ಮತ್ತು ಬ್ರಾಂಡನ್ ತಂಡಗಳ ಜೊತೆ ಸೇರಿ ಮೂರೇ ತಂಡಗಳ ಬೇರೆ ಲೀಗ್ ಮಾಡಿಕೊಂಡರು, ಅದನ್ನು ಗೆದ್ದರು. ಈಗ ಪ್ರಾಂತ್ಯದ ಪ್ರಶಸ್ತಿ ಯಾರದು ಅಂತ ತೀರ್ಮಾನವಾಗಬೇಕಲ್ಲ? ಸೇರಿಸಿಕೊಳ್ಳಲ್ಲ ಅಂದ ಲೀಗಿನ ಚಾಂಪಿಯನ್ ತಂಡವೇ ಇವರ ಎದುರಿಗೆ ನಿಲ್ಲಬೇಕಾಯ್ತು. ಫಾಲ್ಕನ್ಸ್ ಸಲೀಸಾಗಿ ಗೆದ್ದರು.

ಮುಂದಿನದ್ದು ಆಲನ್ ಕಪ್. ದುಡ್ಡು ತಗೊಳ್ಳದೆ ಆಡುವ ಹವ್ಯಾಸಿ ತಂಡಗಳಿಗೆ ಇಡೀ ಕೆನಡಾದಲ್ಲಿ ಅದೇ ದೊಡ್ಡ ಪ್ರಶಸ್ತಿ. 1920ರ ಮಾರ್ಚ್‌ನಲ್ಲಿ ಟೊರಾಂಟೊದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ತಂಡದ ಮೇಲೆ ಎರಡು ಪಂದ್ಯ. ಫಾಲ್ಕನ್ಸ್ 8-3 ಮತ್ತು 3-2ರಲ್ಲಿ ಗೆದ್ದರು. ಆ ವರ್ಷ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಐಸ್ ಹಾಕಿ ಸೇರಿಸಿದ್ದರು. ಚಳಿಗಾಲದ ಒಲಿಂಪಿಕ್ಸ್ ಅಂತ ಬೇರೆ ಶುರುವಾಗಿದ್ದು 1924ರಲ್ಲಿ. ಒಲಿಂಪಿಕ್ಸ್‌ಗೆ ಹವ್ಯಾಸಿಗಳೇ ಹೋಗಬೇಕಿದ್ದರಿಂದ ಆಲನ್ ಕಪ್ ಗೆದ್ದವರೇ ಕೆನಡಾ ತಂಡ. ಹೀಗೆ, ವಿನ್ನಿಪೆಗ್ಗಿನ ಲೀಗಿಗೆ ಬೇಡವಾದ ಹುಡುಗರು ಒಂದೇ ಚಳಿಗಾಲದಲ್ಲಿ ದೇಶದ ತಂಡವಾಗಿಬಿಟ್ಟರು!

ಮನೆಗೆ ಹೋಗಿ ಬಟ್ಟೆ ತರೋಕೂ ಸಮಯ ಇರಲಿಲ್ಲ. ಪೂರ್ವ ಕರಾವಳಿಯ ಸೇಂಟ್ ಜಾನ್ ಬಂದರಿಗೆ ನೇರವಾಗಿ ಹೋಗಿ 'ಮೆಲಿಟಾ' ಅನ್ನುವ ಹಡಗು ಹತ್ತಿದರು. ಹಾಕಿ ಕೋಲುಗಳನ್ನು ಹಡಗಿನ ಬಡಗಿಯೇ ಕೆತ್ತಿ ಕೊಟ್ಟ. ಇದ್ದದ್ದು ಎಂಟೇ ಆಟಗಾರರು, ಅವರಲ್ಲಿ ಐಸ್‌ಲ್ಯಾಂಡ್ ಮೂಲದವನಲ್ಲದವನು ಒಬ್ಬನೇ, ಹಕ್ ವುಡ್‌ಮನ್. ಆಗ ಒಂದೊಂದು ಕಡೆ ಏಳು ಜನ ಆಡುತ್ತಿದ್ದರು, ಅಂದರೆ ಬೆಂಚಿನಲ್ಲಿ ಕೂರೋಕೆ ಒಬ್ಬನೇ ಉಳಿದ!

ಏಪ್ರಿಲ್ 24ರಿಂದ 26ರವರೆಗೆ ಮೂರು ದಿನ, ಮೂರು ಪಂದ್ಯ. ಚೆಕೊಸ್ಲೊವಾಕಿಯಾ ಮೇಲೆ 15-0. ಅಮೆರಿಕ ಮಾತ್ರ ನಿಜವಾಗಿ ಬೆವರಿಳಿಸಿತು, ಫ್ರೆಡ್ರಿಕ್‌ಸನ್ ಒಂದು, ಕಾನಿ ಯೋಹಾನೆಸನ್ ಒಂದು ಗೋಲು ಹೊಡೆದು 2-0. ಕೊನೆಗೆ ಸ್ವೀಡನ್ ಮೇಲೆ 12-1, ಅದರಲ್ಲಿ ಏಳು ಗೋಲು ಫ್ರೆಡ್ರಿಕ್‌ಸನ್ನನದ್ದೇ. ಮೂರು ಪಂದ್ಯದಲ್ಲಿ ಹೊಡೆದದ್ದು 29, ಬಿಟ್ಟುಕೊಟ್ಟದ್ದು ಒಂದು. ಆ ಒಂದನ್ನೂ ಸ್ನೇಹಕ್ಕಾಗಿ ಬೇಕಂತಲೇ ಬಿಟ್ಟರು ಅನ್ನುವ ಕಥೆ ಇದೆ. ಸ್ವೀಡನ್ನಿನವರು ಅದನ್ನು ಒಪ್ಪುತ್ತಾರೋ ಇಲ್ಲವೋ :)

ಮೇ ತಿಂಗಳಲ್ಲಿ ವಿನ್ನಿಪೆಗ್ಗಿಗೆ ಬಂದಾಗ ಊರಿಗೆ ಊರೇ ರಸ್ತೆಗಿಳಿದು ಮೆರವಣಿಗೆ ಮಾಡಿತು. ಗೆದ್ದೆತ್ತಿನ ಬಾಲ ಹಿಡಿಯೋದು ಅಂತಾರಲ್ಲ, ಅದು ಕನ್ನಡದ ಗಾದೆ ಮಾತ್ರ ಅಲ್ಲ ಅಂತ ಗೊತ್ತಾಯ್ತು. ಈ ಗೆಲುವಿನಲ್ಲಿ ಯಾರು 'ಐಸ್‌ಲ್ಯಾಂಡಿನವರು', ಯಾರು 'ಕೆನಡಾದವರು' ಅಂತ ಒಬ್ಬರೂ ಕೇಳಲಿಲ್ಲ.

ಫ್ರೆಡ್ರಿಕ್‌ಸನ್ ಆ ವರ್ಷವೇ ಐಸ್‌ಲ್ಯಾಂಡಿಗೆ ಹೋಗಿ, ಆ ದೇಶ ಕಂಡ ಮೊದಮೊದಲ ಪೈಲಟ್‌ಗಳಲ್ಲಿ ಒಬ್ಬನಾಗಿ ವಿಮಾನ ಹಾರಿಸಿದ. ಮುಂದೆ ದುಡ್ಡಿಗೆ ಆಡುವ ತಂಡಕ್ಕೆ ಸೇರಿ, 1925ರಲ್ಲಿ ವಿಕ್ಟೋರಿಯಾ ಕೂಗರ್ಸ್ ಪರವಾಗಿ ಸ್ಟ್ಯಾನ್ಲಿ ಕಪ್ ಗೆದ್ದ. 1958ರಲ್ಲಿ ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಕ್ಲಬ್ಬು ಮಾತ್ರ ಊರಿನ ನೆನಪಿನಿಂದ ಮೆಲ್ಲಗೆ ಜಾರಿತು. 2004ರ ಹಾಕಿ ವಿಶ್ವಕಪ್ ಸಮಯದಲ್ಲಿ ಕೆನಡಾ ತಂಡ ಫಾಲ್ಕನ್ಸ್‌ನ ಹಳದಿ-ಕಪ್ಪು ಜೆರ್ಸಿ ಧರಿಸಿದಾಗ, 2014ರಲ್ಲಿ ಒಂದು ನಿಮಿಷದ ಚಿತ್ರ ಟೀವಿಯಲ್ಲಿ ಬಂದಾಗ ಮತ್ತೆ ಕೆಲವರಿಗೆ ನೆನಪಾಯ್ತು.

ಹೋದ ಆಗಸ್ಟ್‌ನಲ್ಲಿ ಆ ಸಹೋದ್ಯೋಗಿ ನನ್ನನ್ನು ಗಿಮ್ಲಿಯ ಐಸ್‌ಲ್ಯಾಂಡ್ ಹಬ್ಬಕ್ಕೆ ಕರೆದುಕೊಂಡು ಹೋಗಿದ್ದರು. ಸರೋವರದ ಗಾಳಿಯಲ್ಲಿ ಕೂತು ಫಾಲ್ಕನ್ಸ್ ಬಗ್ಗೆ ಹೆಮ್ಮೆಯಿಂದ ಹೇಳುತ್ತಲೇ ಇದ್ದರು. ನನಗೂ ಖುಷಿಯಾಗುತ್ತಿತ್ತು. ಹೊಸಬನಾಗಿ ಇಲ್ಲಿರುವ ನಾನು ಕಥೆಯಲ್ಲಿ ಸಹಜವಾಗಿಯೇ ಫಾಲ್ಕನ್ಸ್ ಕಡೆ ನಿಂತುಬಿಟ್ಟಿದ್ದೆ. ಬರುವಾಗ ಕಾರಿನಲ್ಲಿ ಇದ್ದಕ್ಕಿದ್ದಂತೆ ನನ್ನ ಇಂಜಿನಿಯರಿಂಗ್ ಹಾಸ್ಟೆಲ್ ನೆನಪಾಯ್ತು.

ಬೀದರ್, ಕಲಬುರಗಿ ಕಡೆಯ ಐದಾರು ಹುಡುಗರಿದ್ದರು. ಅವರ ಕನ್ನಡವನ್ನು ನಾವು ಆಡಿಕೊಂಡು ನಗುತ್ತಿದ್ದೆವು. ಸಂಜೆ ಕ್ರಿಕೆಟ್ಟಿಗೆ ಕರೆಯುತ್ತಿರಲಿಲ್ಲ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಸುಮ್ಮನೆ ತಂಡ ಭರ್ತಿಯಾಗಿರುತ್ತಿತ್ತು, ಅಷ್ಟೇ. ಅವರು ಗ್ರೌಂಡಿನ ಇನ್ನೊಂದು ಮೂಲೆಯಲ್ಲಿ, ಮುರಿದ ಕುರ್ಚಿಯನ್ನು ಸ್ಟಂಪ್ ಮಾಡಿಕೊಂಡು ಅವರಷ್ಟಕ್ಕೇ ಆಡುತ್ತಿದ್ದರು. ಅವರಲ್ಲಿ ಒಬ್ಬ ಎಡಗೈ ಬೌಲರ್ ಇದ್ದ. ನಮ್ಮ ತಂಡದಲ್ಲಿ ಅಷ್ಟು ಚೆನ್ನಾಗಿ ಬೌಲ್ ಮಾಡೋರು ಒಬ್ಬರೂ ಇರಲಿಲ್ಲ. ಇದು ನಾಲ್ಕು ವರ್ಷವೂ ನಮಗೆ ಗೊತ್ತಿತ್ತು.

ಕಾರಿನಲ್ಲಿ ಸಹೋದ್ಯೋಗಿ "ಯಾಕೆ ಸುಮ್ಮನಾಗಿಬಿಟ್ಟೆ?" ಅಂತ ಕೇಳಿದರು. ನಿದ್ದೆ ಬರ್ತಿದೆ ಅಂದೆ.

ಆ ಎಡಗೈ ಬೌಲರ್‌ನ ನಂಬರ್ ನನ್ನ ಹತ್ತಿರ ಇಲ್ಲ. ಹಳೆಯ ಗೆಳೆಯರನ್ನು ಕೇಳಿದ್ದೇನೆ, ಹುಡುಕಿ ಕೊಡ್ತೀವಿ ಅಂದಿದ್ದಾರೆ. ಸಿಕ್ಕಿದರೆ ಏನು ಮಾತಾಡಬೇಕು ಅಂತ ಇನ್ನೂ ಗೊತ್ತಿಲ್ಲ. ಬಹುಶಃ ಫಾಲ್ಕನ್ಸ್ ಕಥೆಯಿಂದಲೇ ಶುರು ಮಾಡ್ತೀನೇನೋ..