ಸಂಪದಭ್ಯುದಯದ ಅಳತೆಗೋಲು

1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಎಕನಾಮಿಕ್ ಕಾನ್ಫರೆನ್ಸ್ ಎಂಬ ಸಂಸ್ಥೆ ಆರಂಭವಾಯಿತು. ವಿಶ್ವೇಶ್ವರಯ್ಯನವರು ಅದರ ಪ್ರೇರಕ ಶಕ್ತಿ. ಕನ್ನಡದಲ್ಲಿ ಅದಕ್ಕೆ ‘ಸಂಪದಭ್ಯುದಯ ಸಮಾಜ’ವೆಂದು ಹೆಸರಾಯಿತು. 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿಗೆ ಅದರ ಯತ್ನವೇ ಮೂಲವಾದುದರಿಂದ ಸಾಹಿತ್ಯಾಸಕ್ತರಿಗೆ ಈ ಹೆಸರು ಅಪರಿಚಿತವಲ್ಲ. ಆದರೆ ಒಂದು ನಾಡಿನ ಸಂಪತ್ತು ಅಭ್ಯುದಯ ಹೊಂದಿತೆಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಅಂಕೆಯಲ್ಲಿ ಉತ್ತರ ಹುಡುಕಿದ ಮೊದಲಿಗರು ದಾದಾಭಾಯಿ ನವರೋಜಿ. 1870ರ ದಶಕದಲ್ಲಿ ಅವರು ಬ್ರಿಟಿಷ್ ಇಂಡಿಯಾದ ತಲಾ ಆದಾಯ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದರು. ಅದರ ಪಕ್ಕದಲ್ಲಿ ಸೆರೆಮನೆಯ ಕೈದಿಯ ಊಟ ಬಟ್ಟೆಗಳ ವೆಚ್ಚವನ್ನಿಟ್ಟು ನೋಡಿದಾಗ, ಸ್ವತಂತ್ರ ಪ್ರಜೆಯ ಪಾಲು ಕೈದಿಯ ಪಾಲಿಗಿಂತ ಕಡಿಮೆಯಾಗಿತ್ತು. ಬಡತನ ಅಲ್ಲಿಯವರೆಗೆ ಕೇವಲ ಗೋಳಾಗಿತ್ತು, ಅಂದಿನಿಂದ ವಾದವಾಯಿತು.

ಮುಂದೆ ವಿ.ಕೆ.ಆರ್.ವಿ. ರಾವ್ ಅವರು 1931-32ರ ತಲಾ ಆದಾಯವನ್ನು 62 ರೂಪಾಯಿ ಎಂದು ಅಂದಾಜು ಮಾಡಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಸ್ವಾತಂತ್ರ್ಯಾನಂತರ, 1949ರಲ್ಲಿ ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯಲ್ಲಿ ಗಾಡ್ಗೀಳರೊಡನೆ ರಾವ್ ಅವರೂ ಸದಸ್ಯರು. ಆ ಸಮಿತಿ 1948-49ಕ್ಕೆ ಕಂಡುಕೊಂಡ ಅಂಕೆ ಸುಮಾರು 247 ರೂಪಾಯಿ. 62 ಎಲ್ಲಿ, 247 ಎಲ್ಲಿ! ಆದರೆ ಹಿಗ್ಗುವಂತಿಲ್ಲ, ನಡುವೆ ಮಹಾಯುದ್ಧ ಬಂದು ಬೆಲೆಗಳು ಗಗನಕ್ಕೇರಿದ್ದವು. ರೂಪಾಯಿ ಹೆಚ್ಚಿದಷ್ಟು ಅನ್ನ ಹೆಚ್ಚಲಿಲ್ಲ.

ಇನ್ನೊಂದು ತೊಡಕುಂಟು. ನಾಡಿನಲ್ಲಿ ಹುಟ್ಟಿದ್ದೆಲ್ಲ ನಾಡಿನವರದಲ್ಲ. ಕೋಲಾರದ ಚಿನ್ನ ನಮ್ಮ ನೆಲದ ಒಡಲಿನಿಂದ ಬಂದಿತು, ಅಗೆದವರು ನಮ್ಮವರು. ಸಂಸ್ಥಾನಕ್ಕೆ ರಾಜಧನ ಸಂದಿತು, ಕಾರ್ಮಿಕರಿಗೆ ಕೂಲಿ ಸಂದಿತು. ಲಾಭಾಂಶ ಮಾತ್ರ ಇಂಗ್ಲೆಂಡಿನ ಷೇರುದಾರರನ್ನು ಸೇರಿತು. ಒಳಗೆ ಉತ್ಪನ್ನವಾದುದು ಬೇರೆ, ನಮ್ಮವರ ಕೈಗೆ ಬಂದುದು ಬೇರೆ. ಒಟ್ಟು ರಾಷ್ಟ್ರೀಯ ಆದಾಯವೆಂಬ ಇಂದಿನ ಅಳತೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಎರಡನೆಯದನ್ನು. ಬಡದೇಶಗಳ ಚರಿತ್ರೆಯಲ್ಲಿ ಈ ಅಂತರ ಸಣ್ಣದೇನಲ್ಲ.

2007ರ ಆದಾಯದ ಆಧಾರದ ಮೇಲೆ ವಿಶ್ವಬ್ಯಾಂಕು ಭಾರತವನ್ನು ಕಡಿಮೆ ಆದಾಯದ ದೇಶಗಳ ಪಟ್ಟಿಯಿಂದ ತೆಗೆದು ಕೆಳಮಧ್ಯಮ ವರ್ಗಕ್ಕೆ ಸೇರಿಸಿತು. ಸಂತೋಷದ ಸಂಗತಿಯೇ ಸರಿ. ಆದರೂ ತಲಾ ಆದಾಯವೆಂಬುದು ಸರಾಸರಿ. ಸರಾಸರಿಯ ಆಳ ನಂಬಿ ಹೊಳೆಗಿಳಿದವನು ಮುಳುಗಿಯಾನು.

ಕೊನೆಗೊಂದು ನೆನಪು. ನನ್ನ ಬಾಲ್ಯದಲ್ಲಿ, ಮೈಸೂರಿನ ನಮ್ಮ ಮನೆಗೆ ಪ್ರತಿ ಮಂಗಳವಾರ ಒಬ್ಬ ವಿದ್ಯಾರ್ಥಿ ವಾರಾನ್ನಕ್ಕೆ ಬರುತ್ತಿದ್ದ. ಅದೇ ಊಟವನ್ನು ಅವನು ಹೋಟೆಲಿನಲ್ಲಿ ಹಣ ಕೊಟ್ಟು ಉಂಡಿದ್ದರೆ ಅಡುಗೆಯವನ ಸಂಬಳವೂ ಮಾಲಿಕನ ಲಾಭವೂ ರಾಷ್ಟ್ರೀಯ ಆದಾಯಕ್ಕೆ ಸೇರುತ್ತಿದ್ದವು. ನಮ್ಮ ಮನೆಯಲ್ಲಿ ಉಂಡದ್ದರಿಂದ ಅಕ್ಕಿ ಬೇಳೆಗಳ ಬೆಲೆಯಷ್ಟೇ ಎಲ್ಲೋ ಲೆಕ್ಕವಾಯಿತು. ಒಲೆಯ ಮುಂದೆ ಬೆವರಿದ ನನ್ನ ತಾಯಿಯ ದುಡಿಮೆ ಯಾವ ಲೆಕ್ಕಕ್ಕೂ ಬರಲಿಲ್ಲ. ಈ ನಗರದ ಎಷ್ಟೋ ಬಡ ಹುಡುಗರ ವಿದ್ಯೆ ಅಂಥ ಒಲೆಗಳ ಋಣದಲ್ಲಿ ಬೆಳೆದದ್ದು.

ಅಂಕೆ ಬೇಡವೆಂದು ನಾನು ಹೇಳಲಾರೆ. ಅಂಕೆಯಿಲ್ಲದಿದ್ದರೆ ನವರೋಜಿಯವರ ಮಾತನ್ನು ಯಾರು ಕೇಳುತ್ತಿದ್ದರು? ಆದರೆ ಅದು ಏರಿದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಬೇಕು: ಬೆಲೆ ಎಷ್ಟು ಏರಿತು? ಯಾರ ಕೈಗೆ ಬಂದಿತು? ಯಾರ ದುಡಿಮೆ ಹೊರಗುಳಿಯಿತು? ಇವಕ್ಕೆ ಉತ್ತರ ದೊರೆತ ದಿನ ‘ಸಂಪದಭ್ಯುದಯ’ವೆಂಬ ಆ ಹಳೆಯ ಮಾತು ಸಾರ್ಥಕವಾದೀತು.