ಅಂಗಸಾಧನೆಯ ಗುರುಗಳು: ಗರಡಿಯಿಂದ ಜಿಮ್‌ವರೆಗೆ

ಸಾಮು ಕಲಿಸುವ ಗುರುವನ್ನು ತನ್ನೊಬ್ಬನಿಗಾಗಿಯೇ ಇಟ್ಟುಕೊಳ್ಳುವುದು ಕನ್ನಡ ನಾಡಿನಲ್ಲಿ ಬಹುಕಾಲ ಅರಸರಿಗೂ ಸಿರಿವಂತರಿಗೂ ಮಾತ್ರ ಒಗ್ಗುವ ಮಾತಾಗಿತ್ತು. ಉಳಿದವರು ಒಬ್ಬ ಗುರುವನ್ನು ಹತ್ತಾರು ಮಂದಿ ಹಂಚಿಕೊಂಡು ಕಲಿತರು. ಗರಡಿಮನೆ, ಶಾಲೆಯ ಆಟದ ಬಯಲು, ಅಂಚೆಯಲ್ಲಿ ಬರುವ ಪಾಠ ಇವು ಮೂರೂ ಆ ಹಂಚಿಕೆಯ ಬೇರೆ ಬೇರೆ ರೂಪಗಳು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಮೈ ಹುರಿಗೊಳಿಸಿದ್ದು ಇವುಗಳ ಆಸರೆಯಲ್ಲೇ.

ಅರಮನೆಯ ಕಸರತ್ತಿಗೆ ಹಳೆಯ ದಾಖಲೆಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲು. ಜಟ್ಟಿಗಳನ್ನು ವಿಂಗಡಿಸುವ ಬಗೆ, ಅವರ ಆಹಾರ, ಅವರ ಸಾಧನೆ ಎಲ್ಲವೂ ಅಲ್ಲಿ ಬರುತ್ತವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿವರಸೆ ಮಾಡುತ್ತಿದ್ದ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಗೆ ನಿಲ್ಲುತ್ತಿದ್ದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಜಟ್ಟಿ ರಾಯನ ಪರ್ಸನಲ್ ಟ್ರೈನರ್. ಅವನ ಅನ್ನ ಅರಮನೆಯದು.

ಮೈಸೂರು ಒಡೆಯರ ಕಾಲದಲ್ಲೂ ಜಟ್ಟಿ ಮನೆತನಗಳಿಗೆ ಅರಮನೆಯ ಆಶ್ರಯವಿತ್ತು. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮುತ್ತಲೇ ನಿಲ್ಲುವ ವಜ್ರಮುಷ್ಟಿ ಕಾಳಗ ಇಂದಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುತ್ತದೆ. ಅರಮನೆಯ ಈ ವಿದ್ಯೆ ಕೇರಿಗೆ ಸಿಗುತ್ತಿದ್ದುದು ಗರಡಿಮನೆಯಲ್ಲಿ. ಬೆಳಕು ಕಡಿಮೆ ಇರುವ ಸಣ್ಣ ಕಟ್ಟಡ. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು. ಗೋಡೆಯ ಬದಿಗೆ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು, ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಮಟ್ಟಿಯನ್ನು ಹದ ಮಾಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲು ಬರುತ್ತಿದ್ದುದು ಗುದ್ದಲಿ. ಮಟ್ಟಿ ಅಗೆಯುವುದೇ ಅವನ ಮೊದಲ ಕಸರತ್ತು, ಬಳಿಕ ದಂಡೆ ಮತ್ತು ಬಸ್ಕಿ, ಪಟ್ಟುಗಳ ಸರದಿ ಅವುಗಳ ನಂತರ.

ಗರಡಿಯಲ್ಲಿ ತಿಂಗಳ ಶುಲ್ಕದ ಲೆಕ್ಕಕ್ಕಿಂತ ಗುರುಕಾಣಿಕೆಯ ರೂಢಿಯೇ ದೊಡ್ಡದು. ಎಲೆ ಅಡಿಕೆ, ತೆಂಗಿನಕಾಯಿ, ಶಕ್ತಿಯಿದ್ದವರು ಒಂದು ವಸ್ತ್ರ ಕೊಟ್ಟು ಉಸ್ತಾದರ ಕಾಲಿಗೆರಗಿದರೆ ಸೇರ್ಪಡೆ ಮುಗಿಯಿತು. ಉಸ್ತಾದರು ಹೊಟ್ಟೆಪಾಡಿಗೆ ಬೇರೆ ಕಸುಬು ಮಾಡುತ್ತಿದ್ದುದೂ ಉಂಟು. ಅವರು ಎಲ್ಲರ ಮೈಯನ್ನೂ ತಾವೇ ತಿದ್ದುತ್ತಿರಲಿಲ್ಲ. ಪಳಗಿದ ಹಿರಿಯ ಹುಡುಗ ಕಿರಿಯನ ಜೋಡಿಯಾಗಿ ನಿಂತು ಕಲಿಸುತ್ತಿದ್ದ, ಉಸ್ತಾದರು ಬದಿಯಲ್ಲಿ ಕೂತು ತಪ್ಪು ಕಂಡಾಗ ಗದರುತ್ತಿದ್ದರು. ನಿಜವಾದ ಖರ್ಚು ಇದ್ದುದು ಊಟದಲ್ಲಿ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ ಹೊಂದಿಸಲಾಗದ ಮನೆಯ ಹುಡುಗ ಮೈಗೆ ಬೇಕಾದಷ್ಟು ಸಾಮು ಮಾಡಿಕೊಂಡಿರುತ್ತಿದ್ದ. ದೊಡ್ಡ ಪೈಲ್ವಾನನಾಗಲು ದಾತಾರನೊಬ್ಬ ಬೇಕಾಗುತ್ತಿತ್ತು.

20ನೇ ಶತಮಾನದಲ್ಲಿ ಗುರುವಿನ ಸಂಬಳ ಹೊರುವವರು ಬದಲಾದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಇಂಥ ಸಂಸ್ಥೆಗಳಲ್ಲಿ ತರಬೇತಾದವರು ಶಾಲೆ ಕಾಲೇಜುಗಳಿಗೆ ಡ್ರಿಲ್ ಮೇಷ್ಟ್ರಾಗಿ, ದೈಹಿಕ ಶಿಕ್ಷಣ ನಿರ್ದೇಶಕರಾಗಿ ಬಂದರು. ಓದಿನ ಶುಲ್ಕದೊಳಗೇ ಅಂಗಸಾಧನೆಯ ಗುರುವೂ ಸೇರಿದ್ದು ಹೀಗೆ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ದಾರಿ ತೆರೆದವರು ಕೋಲಾರ ಸೀಮೆಯ ಕೆ.ವಿ. ಅಯ್ಯರ್. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡ ಓದುಗರಿಗೆ ಪರಿಚಿತರಾದ ಅವರ ಕಸುಬು ಅಂಗಸಾಧನೆ. ಯುಜೀನ್ ಸ್ಯಾಂಡೋ 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆ ತೆರೆದು, ಅಂಚೆಯ ಮೂಲಕವೂ ಕಲಿಸಿ ಹೆಸರಾಗಿದ್ದರು. ಅಯ್ಯರ್ ಪಶ್ಚಿಮದ ಆ ಪದ್ಧತಿಗೆ ಸೂರ್ಯನಮಸ್ಕಾರ ಮತ್ತು ಹಠಯೋಗವನ್ನು ಬೆಸೆದರು. ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಜೊತೆಗೆ ಅಂಚೆ ಶಿಕ್ಷಣವೂ ನಡೆಯುತ್ತಿತ್ತು. ಬೆಂಗಳೂರಿಗೆ ಬರಲಾಗದ ದೂರದೂರಿನ ಯುವಕ ಮನೆಯಲ್ಲೇ ಪಾಠ ಓದಿ ಸಾಧನೆ ಮಾಡಬಹುದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹವೂ ಅವರಿಗಿತ್ತು. ಅಂಚೆಯ ಪಾಠ ಅಗ್ಗ, ಆದರೆ ಬೆನ್ನು ಡೊಂಕಾದರೆ ನೋಡಿ ತಿದ್ದುವ ಕಣ್ಣು ಅದಕ್ಕಿಲ್ಲ. ಆ ಕೊರತೆ ತುಂಬಲು ಕನ್ನಡಿಯೊಂದೇ ಆಸರೆ.

ಒಬ್ಬರಿಗೆ ಒಬ್ಬ ತರಬೇತುದಾರ ಎಂಬುದು ಪೇಟೆಯ ಕಸುಬಾಗಿ ಬೆಳೆದದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ. ಅಮೆರಿಕದಲ್ಲಿ 1980ರ ದಶಕದಲ್ಲಿ ತರಬೇತುದಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಹುಟ್ಟಿದವು. ಭಾರತದ ನಗರಗಳಲ್ಲಿ ಉದಾರೀಕರಣದ ಬಳಿಕ ಹವಾನಿಯಂತ್ರಿತ ಜಿಮ್‌ಗಳು ಹೆಚ್ಚಿದವು. ಅವುಗಳಲ್ಲಿ ಸದಸ್ಯತ್ವಕ್ಕೆ ಒಂದು ದರ, ಪರ್ಸನಲ್ ಟ್ರೈನರ್‌ಗೆ ಅದರ ಮೇಲೆ ಇನ್ನೊಂದು. ಅರಮನೆಯ ಸೌಕರ್ಯ ಹೀಗೆ ಗಂಟೆಯ ಲೆಕ್ಕದಲ್ಲಿ ಮಾರಾಟಕ್ಕೆ ಬಂತು.

ಹಾಸ್ಟೆಲಿನ ಊಟದ ಮೇಲೆ ಬದುಕುವ ವಿದ್ಯಾರ್ಥಿಗೆ ಈ ಎರಡನೆಯ ದರ ತಕ್ಕುದೇ ಎಂಬ ಪ್ರಶ್ನೆಯನ್ನು ಗರಡಿಯ ಕ್ರಮದ ಬೆಳಕಿನಲ್ಲಿ ನೋಡಬಹುದು. ಗುರುವಿನ ಕಣ್ಣು ಹೆಚ್ಚು ಬೇಕಾಗುವುದು ಆರಂಭದಲ್ಲಿ: ಬಸ್ಕಿಯಲ್ಲಿ ಬೆನ್ನು ಹೇಗಿರಬೇಕು, ಭಾರ ಎತ್ತುವಾಗ ಉಸಿರು ಯಾವಾಗ ಬಿಡಬೇಕು, ನೋವು ಬಂದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಯುವಾಗ. ಈ ಹದ ಮೈಗೆ ಹತ್ತಿದ ಮೇಲೆ ಗರಡಿಯಲ್ಲಿ ಉಳಿದ ಕೆಲಸ ಜೋಡಿಯದು. ಆದ್ದರಿಂದ ಕೆಲವೇ ವಾರಗಳ ತರಬೇತಿ, ಅಥವಾ ನಾಲ್ಕು ಮಂದಿ ಸೇರಿ ಹಂಚಿಕೊಂಡ ಒಬ್ಬ ಟ್ರೈನರ್, ಆಮೇಲೆ ಕಾಲೇಜಿನ ಜಿಮ್ಮಿನಲ್ಲಿ ಜೊತೆಗಾರನೊಡನೆ ಸಾಧನೆ, ಇಷ್ಟು ಹಳೆಯ ರೂಢಿಗೆ ಹತ್ತಿರ. ಗಾಯವಾಗಿ ಚೇತರಿಸಿಕೊಳ್ಳುತ್ತಿರುವವರಿಗೆ, ಸ್ಪರ್ಧೆಗೆ ಇಳಿಯುವವರಿಗೆ ಗುರುವಿನ ನೋಟ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಉಳಿದವರ ಮಟ್ಟಿಗೆ ಹೀಗೆ ಮಿಕ್ಕ ಹಣ ಗರಡಿಯ ಹುಡುಗರ ಹಣ ಹೋಗುತ್ತಿದ್ದ ಕಡೆಗೇ, ಹಾಲು ಮೊಟ್ಟೆಗೆ, ಹೋಗಬಹುದು.